ಟೆಕ್ಸಸ್ 2017ರಲ್ಲಿ ಕೈಬಿಟ್ಟ ಶೌಚಾಲಯ ಮಸೂದೆ 2025ರಲ್ಲಿ ಪಾಸಾದದ್ದು ಹೇಗೆ?

2025ರ ಡಿಸೆಂಬರ್ 4ರಂದು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಸೆನೆಟ್ ಬಿಲ್ 8 ಎಂಬ ಕಾನೂನು ಜಾರಿಗೆ ಬಂತು. ಸರ್ಕಾರಿ ಕಟ್ಟಡ, ಸರ್ಕಾರಿ ಶಾಲೆ, ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹಲವರು ಒಟ್ಟಿಗೆ ಬಳಸುವ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆಗಳಿಗೆ ಜನರು ತಮ್ಮ ಜನನದ ಲಿಂಗದ ಪ್ರಕಾರವೇ ಹೋಗಬೇಕು ಎನ್ನುವುದು ಅದರ ತಿರುಳು. ದಂಡ ಬೀಳುವುದು ಒಳಗೆ ಹೋದ ವ್ಯಕ್ತಿಗಲ್ಲ, ಆ ಕಟ್ಟಡ ನಡೆಸುವ ಸಂಸ್ಥೆಗೆ: ಮೊದಲ ಸಲ 25,000 ಡಾಲರ್, ಮತ್ತೆ ತಪ್ಪಿದರೆ 1,25,000 ಡಾಲರ್.

ಇದರಲ್ಲಿ ಗೊಂದಲ ಹುಟ್ಟಿಸುವ ಸಂಗತಿ ಒಂದಿದೆ. ಹೆಚ್ಚುಕಡಿಮೆ ಇಂಥದ್ದೇ ಮಸೂದೆ 2017ರಲ್ಲೂ ಟೆಕ್ಸಸ್‌ನಲ್ಲಿ ಬಂದಿತ್ತು, ಬಂದು ಬಿದ್ದುಹೋಗಿತ್ತು. ಆಗಲೂ ಗವರ್ನರ್ (ನಮ್ಮ ಮುಖ್ಯಮಂತ್ರಿಯಂತೆ ಚುನಾಯಿತ ಆಡಳಿತ ಮುಖ್ಯಸ್ಥ) ಗ್ರೆಗ್ ಅಬಟ್, ಈಗಲೂ ಅವರೇ. ಆಗಲೂ ಸೆನೆಟ್‌ನ ಅಧ್ಯಕ್ಷತೆ ವಹಿಸುವ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್, ಈಗಲೂ ಅವರೇ. ಎರಡೂ ಸಲ ಎರಡೂ ಸದನಗಳಲ್ಲಿ ರಿಪಬ್ಲಿಕನ್ ಪಕ್ಷಕ್ಕೇ ಬಹುಮತ. ಹಾಗಾಗಿ "ಸಂಪ್ರದಾಯವಾದಿಗಳು ಅಧಿಕಾರಕ್ಕೆ ಬಂದರು, ಕಾನೂನು ಮಾಡಿದರು" ಎಂಬ ಸುಲಭದ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಅಧಿಕಾರ ಮೊದಲಿಂದಲೂ ಅವರ ಕೈಯಲ್ಲೇ ಇತ್ತು. ಎಂಟು ವರ್ಷದಲ್ಲಿ ಬದಲಾದದ್ದು ಬೇರೆ ಏನೋ. ಅದೇನೆಂದು ತಿಳಿದರೆ ಇಪ್ಪತ್ತೈದಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನುಗಳು ಸಾಲುಸಾಲಾಗಿ ಬಂದದ್ದು ಹೇಗೆಂಬುದೂ ತಿಳಿಯುತ್ತದೆ.

ಹೂಸ್ಟನ್‌ನ ಪಾಠ, ಶಾರ್ಲೆಟ್‌ನ ಪೆಟ್ಟು

ಟೆಕ್ಸಸ್‌ನ ದೊಡ್ಡ ನಗರ ಹೂಸ್ಟನ್ 2014ರಲ್ಲಿ ತಾರತಮ್ಯ ತಡೆಯುವ ನಿಯಮವೊಂದನ್ನು ಮಾಡಿತು. ಜನಾಂಗ, ವಯಸ್ಸು, ಅಂಗವೈಕಲ್ಯ, ಮಾಜಿ ಸೈನಿಕರು ಹೀಗೆ 15 ವರ್ಗಗಳಿಗೆ ಅದು ರಕ್ಷಣೆ ಕೊಡುತ್ತಿತ್ತು. ಲಿಂಗತ್ವದ ಗುರುತು, ಅಂದರೆ ಒಬ್ಬ ವ್ಯಕ್ತಿ ತನ್ನನ್ನು ಗಂಡು ಅಥವಾ ಹೆಣ್ಣು ಎಂದು ಹೇಗೆ ಅರಿತುಕೊಂಡಿದ್ದಾರೆ ಎನ್ನುವುದು, ಆ ಹದಿನೈದರಲ್ಲಿ ಒಂದು. ನಗರದ ಚರ್ಚುಗಳ ಪಾದ್ರಿಗಳು ಸಹಿ ಸಂಗ್ರಹಕ್ಕೆ ಇಳಿದರು. ನಿಯಮ ಜನಮತಕ್ಕೆ ಹೋಗಬೇಕಾದರೆ 17,269 ಸಹಿ ಬೇಕಿತ್ತು. ಸಹಿಗಳು ಸರಿಯೇ ಎಂಬ ಜಗಳ ರಾಜ್ಯದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, ಕೊನೆಗೆ 2015ರ ನವೆಂಬರ್‌ನಲ್ಲಿ ಮತದಾನ ನಡೆಯಿತು. ವಿರೋಧಿಗಳು ಹದಿನಾಲ್ಕು ವರ್ಗಗಳ ಮಾತೇ ಎತ್ತಲಿಲ್ಲ. "ಹೆಂಗಸರ ಶೌಚಾಲಯಕ್ಕೆ ಗಂಡಸರು ಬೇಡ" ಎಂಬ ಒಂದೇ ಸಾಲು ಹಿಡಿದು ಮನೆಮನೆಗೆ ಹೋದರು. ಶೇ 61ರಷ್ಟು ಮತಗಳಿಂದ ನಿಯಮ ರದ್ದಾಯಿತು.

ಅದೇ ವರ್ಷ ಜೂನ್‌ನಲ್ಲಿ ಸಲಿಂಗ ವಿವಾಹಕ್ಕೆ ದೇಶದ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟಿತ್ತು. ದಶಕಗಳ ಕಾಲ ಅದರ ವಿರುದ್ಧದ ಹೋರಾಟದಲ್ಲೇ ತೊಡಗಿದ್ದ ಸಂಪ್ರದಾಯವಾದಿ ಸಂಘಟನೆಗಳಿಗೆ ಹೂಸ್ಟನ್ ಹೊಸ ದಾರಿ ತೋರಿಸಿತು.

ಆ ದಾರಿಯಲ್ಲಿ ಮೊದಲು ನುಗ್ಗಿದ್ದು ನಾರ್ತ್ ಕ್ಯಾರೊಲಿನಾ. ಶಾರ್ಲೆಟ್ ನಗರಸಭೆ ಹೂಸ್ಟನ್ ಮಾದರಿಯ ನಿಯಮ ಮಾಡಿದ್ದಕ್ಕೆ ಉತ್ತರವಾಗಿ, 2016ರ ಮಾರ್ಚ್ 23ರಂದು ಒಂದೇ ದಿನದ ವಿಶೇಷ ಅಧಿವೇಶನ ಕರೆದು ಹೌಸ್ ಬಿಲ್ 2 ಮಂಡಿಸಿ, ಪಾಸು ಮಾಡಿ, ಅಂದೇ ರಾತ್ರಿ ಗವರ್ನರ್ ಪ್ಯಾಟ್ ಮಕ್ರೋರಿ ಸಹಿ ಹಾಕಿದರು. ಪೆಟ್ಟು ಬಿದ್ದದ್ದು ಹಣದ ಕಡೆಯಿಂದ. ಪೇಪಾಲ್ ಕಂಪನಿ 400 ಉದ್ಯೋಗಗಳ ಯೋಜನೆ ಕೈಬಿಟ್ಟಿತು. ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ 2017ರ ಆಲ್ ಸ್ಟಾರ್ ಪಂದ್ಯವನ್ನು ಶಾರ್ಲೆಟ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಸಾಗಿಸಿತು. ಹನ್ನೆರಡು ವರ್ಷಗಳಲ್ಲಿ ರಾಜ್ಯಕ್ಕೆ 376 ಕೋಟಿ ಡಾಲರ್ ನಷ್ಟವಾದೀತು ಎಂದು ಅಸೋಸಿಯೇಟೆಡ್ ಪ್ರೆಸ್ ಲೆಕ್ಕ ಹಾಕಿತು. ಮಕ್ರೋರಿ ಆ ನವೆಂಬರ್‌ನಲ್ಲೇ ಸೋತರು. 2017ರ ಮಾರ್ಚ್‌ನಲ್ಲಿ ಕಾನೂನಿನ ಶೌಚಾಲಯದ ಭಾಗ ರದ್ದಾಯಿತು.

ಟೆಕ್ಸಸ್‌ನ ಮೊದಲ ಮಸೂದೆ ಬಂದದ್ದು ಸರಿಯಾಗಿ ಅದೇ ವಸಂತದಲ್ಲಿ. ಸೆನೆಟ್‌ನಲ್ಲಿ ಪಾಸಾಯಿತು. ಆದರೆ ಕೆಳಮನೆಯ ಸ್ಪೀಕರ್ ಜೋ ಸ್ಟ್ರಾಸ್, ಅವರೂ ರಿಪಬ್ಲಿಕನ್ನರೇ, ಮಸೂದೆಯನ್ನು ಮತಕ್ಕೆ ಬರಗೊಡಲಿಲ್ಲ. ಅಬಟ್ ಬೇಸಿಗೆಯಲ್ಲಿ ವಿಶೇಷ ಅಧಿವೇಶನ ಕರೆದರೂ ಫಲ ಸಿಗಲಿಲ್ಲ. ದೊಡ್ಡ ಕಂಪನಿಗಳ ಮುಖ್ಯಸ್ಥರು ವಿರೋಧದ ಪತ್ರ ಬರೆದರು. ದೊಡ್ಡ ನಗರಗಳ ಪೊಲೀಸ್ ಮುಖ್ಯಸ್ಥರು ಆಸ್ಟಿನ್‌ನ ಶಾಸನಸಭಾ ಭವನಕ್ಕೇ ಬಂದು, ಇದನ್ನು ಜಾರಿ ಮಾಡುವುದು ತಮ್ಮಿಂದಾಗದ ಕೆಲಸ ಎಂದರು. ಅಂದಿನ ಲೆಕ್ಕಾಚಾರ ಇಷ್ಟೇ: ತಳಮಟ್ಟದ ಕಾರ್ಯಕರ್ತರ ಒತ್ತಡ ಒಂದು ಕಡೆ, ವ್ಯಾಪಾರದ ನಷ್ಟ ಇನ್ನೊಂದು ಕಡೆ. ನಷ್ಟದ ತಟ್ಟೆ ಭಾರವಾಯಿತು.

ಇದನ್ನು ರಾಜ್ಯಗಳೇ ಏಕೆ ತೀರ್ಮಾನಿಸುತ್ತವೆ?

ಭಾರತದಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಮೂಲ ಚೌಕಟ್ಟು ಬಂದದ್ದು ದೆಹಲಿಯಿಂದ: ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು, ಆಮೇಲೆ 2019ರ ಸಂಸತ್ತಿನ ಕಾಯ್ದೆ. ರಾಜ್ಯಗಳು ಅದರ ಮೇಲೆ ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಮೀಸಲಾತಿ ತಂದದ್ದು ಹಾಗೆ. ಅಮೆರಿಕದಲ್ಲಿ ವ್ಯವಸ್ಥೆ ತಿರುಗುಮುರುಗು. ವೈದ್ಯರ ಲೈಸೆನ್ಸ್, ಶಾಲಾ ಪಠ್ಯ, ಜನನ ಪ್ರಮಾಣಪತ್ರ, ಡ್ರೈವಿಂಗ್ ಲೈಸೆನ್ಸ್, ಇವೆಲ್ಲ ಮೂಲತಃ ರಾಜ್ಯಗಳ ಕೈಯಲ್ಲಿವೆ. ಕೇಂದ್ರದ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಈ ವಿಷಯದಲ್ಲಿ ಸ್ಪಷ್ಟ ಕಾನೂನು ಮಾಡಿಲ್ಲ. ಅಧ್ಯಕ್ಷರ ಆದೇಶಗಳು ಅಧ್ಯಕ್ಷರು ಬದಲಾದಂತೆ ಬದಲಾಗುತ್ತವೆ. 2016ರ ಮೇನಲ್ಲಿ ಒಬಾಮ ಆಡಳಿತ ಟ್ರಾನ್ಸ್ ವಿದ್ಯಾರ್ಥಿಗಳಿಗೆ ತಮ್ಮ ಗುರುತಿನ ಶೌಚಾಲಯ ಬಳಸಲು ಬಿಡಬೇಕೆಂದು ಶಾಲೆಗಳಿಗೆ ಸೂಚಿಸಿತು, ಮುಂದಿನ ವರ್ಷವೇ ಟ್ರಂಪ್ ಆಡಳಿತ ಅದನ್ನು ಹಿಂತೆಗೆದುಕೊಂಡಿತು. ಹೀಗಾಗಿ ನಿಜವಾದ ಕಾನೂನು ಹುಟ್ಟುವ ಜಾಗ ರಾಜ್ಯಗಳ ರಾಜಧಾನಿ. ಮಿನ್ನೆಸೋಟ 2023ರಲ್ಲಿ ಹೊರರಾಜ್ಯದಿಂದ ಲಿಂಗ ಬದಲಾವಣೆಯ ಚಿಕಿತ್ಸೆಗೆ ಬರುವ ಕುಟುಂಬಗಳಿಗೆ ರಕ್ಷಣೆ ಕೊಟ್ಟಿತು, ಅದೇ ವರ್ಷ ಟೆಕ್ಸಸ್ ಅಪ್ರಾಪ್ತರಿಗೆ ಆ ಚಿಕಿತ್ಸೆಯನ್ನೇ ನಿಷೇಧಿಸಿತು. ಒಂದೇ ಔಷಧ ಒಂದು ರಾಜ್ಯದಲ್ಲಿ ಸಲ್ಲುತ್ತದೆ, ಗಡಿ ದಾಟಿದರೆ ಸಲ್ಲುವುದಿಲ್ಲ.

ಶೌಚಾಲಯ ಬಿಟ್ಟು ಆಟದ ಮೈದಾನಕ್ಕೆ

ನಾರ್ತ್ ಕ್ಯಾರೊಲಿನಾ ಮತ್ತು ಟೆಕ್ಸಸ್‌ನ ಸೋಲಿನ ನಂತರ ಸಂಪ್ರದಾಯವಾದಿಗಳ ಚಳವಳಿ ನಿಲ್ಲಲಿಲ್ಲ, ವಿಷಯ ಬದಲಿಸಿತು. 2020ರ ಮಾರ್ಚ್ 30ರಂದು, ಕೋವಿಡ್ ಲಾಕ್‌ಡೌನ್‌ನ ಗದ್ದಲದಲ್ಲಿ ದೇಶ ಮುಳುಗಿದ್ದಾಗ, ಐಡಹೊ ರಾಜ್ಯ ಟ್ರಾನ್ಸ್ ಹುಡುಗಿಯರು (ಗಂಡಾಗಿ ಹುಟ್ಟಿ ತಮ್ಮನ್ನು ಹೆಣ್ಣೆಂದು ಅರಿತುಕೊಂಡವರು) ಹುಡುಗಿಯರ ತಂಡಗಳಲ್ಲಿ ಆಡುವುದನ್ನು ನಿಷೇಧಿಸಿತು. ಇಂಥ ಮೊದಲ ಕಾನೂನು ಅದು. ಮಂಡಿಸಿದ ಶಾಸಕಿ ಬಾರ್ಬರಾ ಎಹಾರ್ಟ್ ಹಿಂದೆ ಕಾಲೇಜು ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು.

ಮೈದಾನ ಏಕೆ? ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರ ಸಿಗುತ್ತದೆ. 2022ರಲ್ಲಿ ಅಮೆರಿಕನ್ನರಲ್ಲಿ ಶೇ 58 ಮಂದಿ ಆಟಗಾರರು ಜನನದ ಲಿಂಗದ ತಂಡದಲ್ಲೇ ಆಡಬೇಕು ಎಂದಿದ್ದರು. ಅಪ್ರಾಪ್ತರಿಗೆ ಲಿಂಗ ಬದಲಾವಣೆಯ ವೈದ್ಯಕೀಯ ಚಿಕಿತ್ಸೆ ಕಾನೂನುಬಾಹಿರವಾಗಲಿ ಎಂದವರು ಶೇ 46. ಶೌಚಾಲಯದ ನಿರ್ಬಂಧಕ್ಕೆ ಹೂಂ ಎಂದವರು ಶೇ 41 ಮಾತ್ರ. ಮೂರರಲ್ಲಿ ಮೈದಾನವೇ ಜನಬೆಂಬಲ ಹೆಚ್ಚಿದ್ದ ಜಾಗ. ಓಟದ ಪಂದ್ಯದಲ್ಲಿ ಯಾರು ಗೆದ್ದರು, ಯಾರಿಗೆ ಪದಕ ತಪ್ಪಿತು ಎಂಬುದು ಕಣ್ಣಿಗೆ ಕಾಣುತ್ತದೆ. "ನ್ಯಾಯ" ಎಂಬ ಪದ ಅಲ್ಲಿ ಸುಲಭವಾಗಿ ಕೂರುತ್ತದೆ. ಶೌಚಾಲಯದಲ್ಲಿ ವಾದ ಭಯದ ಮೇಲೆ ನಿಂತಿತ್ತು, ಮೈದಾನದಲ್ಲಿ ಅಳತೆಯ ಮೇಲೆ ನಿಲ್ಲಿಸಬಹುದಿತ್ತು. ಪ್ರೌಢಾವಸ್ಥೆಯ ನಂತರ ಗಂಡು ದೇಹಕ್ಕೆ ಬರುವ ಎತ್ತರ, ಸ್ನಾಯು, ಶ್ವಾಸಕೋಶದ ಗಾತ್ರ ಆ ವಾದದ ಬುಡ. ಎದುರಾಳಿಗಳು ಈ ವಾದದ ಗಟ್ಟಿತನವನ್ನು ಬಹಳ ಕಾಲ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅದು ಅವರ ದೊಡ್ಡ ತಪ್ಪು ಎಂದೇ ಹೇಳಬೇಕು.

ಆದರೆ ಸಮಸ್ಯೆಯ ಗಾತ್ರ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. 2022ರ ಮಾರ್ಚ್‌ನಲ್ಲಿ ಯೂಟಾದ ರಿಪಬ್ಲಿಕನ್ ಗವರ್ನರ್ ಸ್ಪೆನ್ಸರ್ ಕಾಕ್ಸ್ ತಮ್ಮ ಪಕ್ಷದ ಮಸೂದೆಯನ್ನೇ ವಿಟೊ ಮಾಡಿ, ಅಂದರೆ ಒಪ್ಪಿಗೆ ನಿರಾಕರಿಸಿ ಬರೆದ ಪತ್ರದಲ್ಲಿ ಲೆಕ್ಕ ಕೊಟ್ಟರು. ರಾಜ್ಯದಲ್ಲಿ ಹೈಸ್ಕೂಲ್ ಕ್ರೀಡೆಗಳಲ್ಲಿ ಆಡುವ ಮಕ್ಕಳು 75,000. ಅವರಲ್ಲಿ ಟ್ರಾನ್ಸ್‌ಜೆಂಡರ್ ಮಕ್ಕಳು ನಾಲ್ವರು. ಹುಡುಗಿಯರ ತಂಡದಲ್ಲಿ ಆಡುತ್ತಿದ್ದದ್ದು ಒಬ್ಬಳು. ಶಾಸನಸಭೆ ಮೂರೇ ದಿನದಲ್ಲಿ ಆ ವಿಟೊವನ್ನು ತಳ್ಳಿಹಾಕಿತು.

ಟೆಕ್ಸಸ್ ಇದೇ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿತು. 2021ರಲ್ಲಿ ಶಾಲಾ ಕ್ರೀಡೆ. 2022ರ ಫೆಬ್ರುವರಿಯಲ್ಲಿ, ಮಕ್ಕಳಿಗೆ ಈ ಚಿಕಿತ್ಸೆ ಕೊಡಿಸುವ ತಂದೆತಾಯಿಗಳ ಮೇಲೆ ಮಕ್ಕಳ ದೌರ್ಜನ್ಯದ ತನಿಖೆ ನಡೆಸಲು ಅಬಟ್ ಆದೇಶ. 2023ರಲ್ಲಿ ಕಾಲೇಜು ಕ್ರೀಡೆ, ಅಪ್ರಾಪ್ತರ ಚಿಕಿತ್ಸೆಯ ನಿಷೇಧ. 2025ರಲ್ಲಿ ಸರ್ಕಾರಿ ದಾಖಲೆಗಳಿಗೆ ಗಂಡು ಹೆಣ್ಣಿನ ವ್ಯಾಖ್ಯೆ ಬರೆದ ಹೌಸ್ ಬಿಲ್ 229. ಶೌಚಾಲಯ ಕೊನೆಯ ಮೆಟ್ಟಿಲು. 2017ರಲ್ಲಿ ಅದನ್ನೇ ಮೊದಲ ಮೆಟ್ಟಿಲು ಮಾಡಿಕೊಂಡು ಜಾರಿದ್ದರು.

ಈ ಏರಿಕೆಯ ಹೊತ್ತಿಗೆ ಜನಾಭಿಪ್ರಾಯವೂ ಸರಿದಿತ್ತು. ಪ್ಯೂ 2025ರ ಫೆಬ್ರುವರಿಯಲ್ಲಿ ಅದೇ ಪ್ರಶ್ನೆಗಳನ್ನು ಕೇಳಿದಾಗ ಕ್ರೀಡೆಯ ನಿರ್ಬಂಧಕ್ಕೆ ಶೇ 66, ಚಿಕಿತ್ಸೆಯ ನಿಷೇಧಕ್ಕೆ ಶೇ 56, ಶೌಚಾಲಯದ ನಿರ್ಬಂಧಕ್ಕೆ ಶೇ 49 ಬೆಂಬಲ ಬಂತು. ಒಂದೊಂದು ಕಾನೂನೂ ಮುಂದಿನದಕ್ಕೆ ನೆಲ ಹದ ಮಾಡಿತ್ತು. ಆದರೂ ಅದೇ ಸಮೀಕ್ಷೆಯಲ್ಲಿ ಶೇ 56 ಮಂದಿ ಉದ್ಯೋಗ, ವಸತಿಗಳಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ತಾರತಮ್ಯದಿಂದ ರಕ್ಷಣೆ ಬೇಕೆಂದರು. ಜನರ ಮನಸ್ಸು ಒಂದೇ ಗೆರೆಯಲ್ಲಿಲ್ಲ. ಐಯೊವಾ 2025ರಲ್ಲಿ ತನ್ನ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಲಿಂಗತ್ವದ ಗುರುತನ್ನೇ ತೆಗೆದುಹಾಕಿದ ಮೊದಲ ರಾಜ್ಯವಾದಾಗ, ಅದು ಈ ಬಹುಮತದ ಎದುರು ಇಟ್ಟ ಹೆಜ್ಜೆ.

ಶಾಲಾ ಮಂಡಳಿಯ ಮೈಕಿನ ಮುಂದೆ

ಈ ಚಳವಳಿಯ ಕಾಲಾಳುಗಳು ಬಂದದ್ದು ಶಾಲೆಗಳಿಂದ. ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಶಾಲೆ ಮುಚ್ಚಿದ್ದು, ಮಾಸ್ಕ್ ಕಡ್ಡಾಯ ಮಾಡಿದ್ದು, ಆನ್‌ಲೈನ್ ಪಾಠ ಮನೆಯೊಳಗೆ ಬಂದದ್ದು, ಇವುಗಳಿಂದ ರೊಚ್ಚಿಗೆದ್ದ ತಂದೆತಾಯಿಗಳು, ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಚುನಾಯಿತ ಶಾಲಾ ಮಂಡಳಿಯ ಸಭೆಗಳಿಗೆ ಬರತೊಡಗಿದರು. 2021ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಮಾಮ್ಸ್ ಫಾರ್ ಲಿಬರ್ಟಿ ಹುಟ್ಟಿತು. ಕಟ್ಟಿದವರಲ್ಲಿ ಟೀನಾ ಡೆಸ್ಕೊವಿಚ್ ಮತ್ತು ಟಿಫನಿ ಜಸ್ಟಿಸ್ ಇಬ್ಬರೂ ಶಾಲಾ ಮಂಡಳಿಯ ಮಾಜಿ ಸದಸ್ಯೆಯರು. ಮಾಸ್ಕ್ ವಿವಾದ ತಣ್ಣಗಾದ ಮೇಲೆ ಗಮನ ಗ್ರಂಥಾಲಯದ ಪುಸ್ತಕಗಳು, ಮಗುವನ್ನು ಯಾವ ಹೆಸರಿನಿಂದ ಕರೆಯಬೇಕು, ಯಾವ ಶೌಚಾಲಯ ಎಂಬ ಪ್ರಶ್ನೆಗಳತ್ತ ತಿರುಗಿತು. ಮಗು ಶಾಲೆಯಲ್ಲಿ ಬೇರೆ ಹೆಸರಿಟ್ಟುಕೊಂಡರೆ ಅದನ್ನು ಮನೆಗೆ ತಿಳಿಸಬೇಕೋ ಬೇಡವೋ ಎಂಬುದು ಎಷ್ಟೋ ತಂದೆತಾಯಿಗಳನ್ನು ಪಕ್ಷಭೇದ ಮರೆತು ಕಲಕಿದ ಪ್ರಶ್ನೆ. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ ಸಲಿಂಗಿ, ಟ್ರಾನ್ಸ್ ಪಾತ್ರಗಳಿರುವ ಕಥೆಪುಸ್ತಕಗಳ ಪಾಠದಿಂದ ಮಕ್ಕಳಿಗೆ ವಿನಾಯಿತಿ ಕೇಳಿ ಕೋರ್ಟಿಗೆ ಹೋದವರಲ್ಲಿ ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳು ಒಟ್ಟಿಗಿದ್ದವು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು.

ಶಾಲಾ ಮಂಡಳಿಯೇ ಏಕೆ ಎಂದರೆ, ಅಲ್ಲಿ ಗೆಲ್ಲಲು ಬೇಕಾದ ಮತ ಕಡಿಮೆ. ಟೆಕ್ಸಸ್‌ನಲ್ಲಿ ಎಷ್ಟೋ ಮಂಡಳಿಗಳ ಚುನಾವಣೆ ಮೇ ತಿಂಗಳಲ್ಲಿ, ದೊಡ್ಡ ಚುನಾವಣೆಗಳಿಂದ ಬೇರೆಯಾಗಿ ನಡೆಯುತ್ತದೆ. ಬರುವವರು ಕೆಲವೇ ಸಾವಿರ. 2022ರ ಮೇನಲ್ಲಿ ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಡುವಿನ ನಾಲ್ಕು ಶಾಲಾ ಜಿಲ್ಲೆಗಳಲ್ಲಿ, ಸಂಪ್ರದಾಯವಾದಿ ಮೊಬೈಲ್ ಕಂಪನಿಯೊಂದರ ರಾಜಕೀಯ ಸಮಿತಿ ಬೆಂಬಲಿಸಿದ ಹನ್ನೊಂದೂ ಮಂದಿ ಗೆದ್ದರು. ಅವುಗಳಲ್ಲೊಂದಾದ ಗ್ರೇಪ್‌ವೈನ್ ಕಾಲಿವಿಲ್‌ನಲ್ಲಿ ಆ ಆಗಸ್ಟ್‌ನಲ್ಲೇ 36 ಪುಟಗಳ ನೀತಿಯೊಂದು ಮಂಡಳಿಯ ಮುಂದೆ ಬಂತು. ಶೌಚಾಲಯ, ಸರ್ವನಾಮ, ಪುಸ್ತಕ, ಜನಾಂಗದ ಪಾಠ, ಎಲ್ಲವೂ ಅದರಲ್ಲಿತ್ತು. ಜನ ಸಾಲುಗಟ್ಟಿ ಬಂದು ಪರ ವಿರೋಧ ಮಾತಾಡಿದರು. ನೀತಿ 4-3ರಿಂದ ಪಾಸಾಯಿತು. ರಾಜ್ಯದ ರಾಜಧಾನಿಯಲ್ಲಿ ಮೂರು ವರ್ಷ ಬಿಟ್ಟು ಆಗಲಿದ್ದ ಕಾನೂನಿನ ತಾಲೀಮು ಅಲ್ಲಿ ನಡೆದುಹೋಯಿತು.

ಈ ಅಲೆ ಎಲ್ಲ ಕಡೆ ಏರುತ್ತಲೇ ಹೋಗಲಿಲ್ಲ. 2023ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾ ಸೇರಿ ಹಲವೆಡೆ ಮಾಮ್ಸ್ ಫಾರ್ ಲಿಬರ್ಟಿ ಬೆಂಬಲಿಗರು ಸೋತರು. ಜನ ಹೆಚ್ಚು ಬಂದ ಕಡೆ ಫಲಿತಾಂಶ ಬೇರೆಯಾಗುತ್ತದೆ ಎಂಬ ಸೂಚನೆ ಅದರಲ್ಲಿದೆ.

ಸಿದ್ಧ ಕರಡು, ಕಡಿಮೆ ಸಂಬಳದ ಶಾಸಕ

ತಂದೆತಾಯಿಗಳ ಸಿಟ್ಟು ತಾನಾಗಿ ಕಾನೂನಾಗುವುದಿಲ್ಲ. ಅದಕ್ಕೆ ಕೋರ್ಟಿನಲ್ಲಿ ನಿಲ್ಲುವ ಭಾಷೆ ಬೇಕು. ಟೆಕ್ಸಸ್ ಶಾಸಕರ ಸಂಬಳ ವರ್ಷಕ್ಕೆ 7,200 ಡಾಲರ್, ದಿನಭತ್ಯೆ ಬೇರೆ. ಎರಡು ವರ್ಷಕ್ಕೊಮ್ಮೆ 140 ದಿನದ ಅಧಿವೇಶನ. ಹೆಚ್ಚಿನವರು ವಕೀಲಿಕೆ, ಕೃಷಿ, ವ್ಯಾಪಾರದ ನಡುವೆ ಈ ಕೆಲಸ ಮಾಡುತ್ತಾರೆ. ಸಣ್ಣ ಸಿಬ್ಬಂದಿ, ಸಾವಿರಾರು ಮಸೂದೆ. ಹೊರಗಿನವರು ಸಿದ್ಧ ಕರಡು ತಂದುಕೊಟ್ಟರೆ ಅದಕ್ಕೆ ಬೆಲೆ ಇದೆ. ಅರಿಜೋನದಲ್ಲಿ ನೆಲೆಯಿರುವ ಅಲಯನ್ಸ್ ಡಿಫೆಂಡಿಂಗ್ ಫ್ರೀಡಂ ಎಂಬ ಕ್ರೈಸ್ತ ಕಾನೂನು ಸಂಸ್ಥೆ 2014ರಲ್ಲೇ ಶಾಲಾ ಶೌಚಾಲಯಗಳ ಮಾದರಿ ನೀತಿ ಬರೆದು ಶಾಲಾ ಜಿಲ್ಲೆಗಳಿಗೆ ಹಂಚಿತ್ತು. ಐಡಹೊದ ಕ್ರೀಡಾ ಮಸೂದೆಯ ಕರಡಿಗೂ ಅದೇ ನೆರವಾಯಿತು. ಕಾನೂನು ಆದ ಮೇಲೆ ಕೋರ್ಟಿನಲ್ಲಿ ಅದನ್ನು ಸಮರ್ಥಿಸಲು ಬರುವ ವಕೀಲರೂ ಬಹಳ ಸಲ ಅದೇ ಸಂಸ್ಥೆಯವರು.

ಇದನ್ನು ನೋಡಿ ಎದುರಾಳಿಗಳು, ಇದು ತಳಮಟ್ಟದ ಚಳವಳಿಯೇ ಅಲ್ಲ, ಮೇಲಿನಿಂದ ಇಳಿಸಿದ ನಾಟಕ ಎನ್ನುತ್ತಾರೆ. ಪಶ್ಚಿಮ ಟೆಕ್ಸಸ್‌ನ ತೈಲ ಉದ್ಯಮಿಗಳಾದ ಟಿಮ್ ಡನ್ ಮತ್ತು ಫ್ಯಾರಿಸ್ ವಿಲ್ಕ್ಸ್ ಸಂಪ್ರದಾಯವಾದಿ ಅಭ್ಯರ್ಥಿಗಳಿಗೆ ವರ್ಷಗಳಿಂದ ಸುರಿದ ಹಣವನ್ನು ತೋರಿಸುತ್ತಾರೆ. ಚಳವಳಿಯವರು, ಮೈಕಿನ ಮುಂದೆ ನಿಂತ ತಾಯಂದಿರಿಗೆ ಯಾರೂ ಸಂಬಳ ಕೊಟ್ಟಿಲ್ಲ ಎನ್ನುತ್ತಾರೆ. ಎರಡೂ ನಿಜ. ಹಣ ಮತ್ತು ಕರಡೇ ಮುಖ್ಯವಾಗಿದ್ದ 2017ರಲ್ಲಿ ಮಸೂದೆ ಬಿತ್ತು. ಊರೂರಲ್ಲಿ ಜನ ಸೇರಿದ ಮೇಲೆ ಅದೇ ಹಣ, ಅದೇ ಕರಡು ಕೆಲಸ ಮಾಡಿದವು.

ಮಸೂದೆ ಎಲ್ಲಿ ಸಾಯುತ್ತದೆ

ಅಮೆರಿಕದ ರಾಜ್ಯದಲ್ಲಿ ಮಸೂದೆ ಮಂಡನೆಯಾದ ಮೇಲೆ ಸಮಿತಿಗೆ ಹೋಗುತ್ತದೆ. ಅಲ್ಲಿ ಸಾರ್ವಜನಿಕ ವಿಚಾರಣೆ: ಯಾರು ಬೇಕಾದರೂ ಹೆಸರು ಬರೆಸಿ ಎರಡು ಮೂರು ನಿಮಿಷ ಮಾತಾಡಬಹುದು. ಆಮೇಲೆ ಸದನದ ಮತ, ಇನ್ನೊಂದು ಸದನ, ಗವರ್ನರ್. ಗವರ್ನರ್ ವಿಟೊ ಮಾಡಿದರೆ ಹೆಚ್ಚಿನ ರಾಜ್ಯಗಳಲ್ಲಿ ಅದನ್ನು ಮೀರಲು ಮೂರನೇ ಎರಡರಷ್ಟು ಮತ ಬೇಕು. ಆರು ರಾಜ್ಯಗಳಲ್ಲಿ ಸರಳ ಬಹುಮತ ಸಾಕು. ಅರ್ಕಾನ್ಸಾ ಅವುಗಳಲ್ಲೊಂದು. ಹಾಗಾಗಿಯೇ 2021ರ ಏಪ್ರಿಲ್ 5ರಂದು ಗವರ್ನರ್ ಏಸಾ ಹಚಿನ್ಸನ್ ವಿಟೊ ಮಾಡಿದ ಚಿಕಿತ್ಸಾ ನಿಷೇಧ ಮರುದಿನವೇ ಕಾನೂನಾಯಿತು.

ಆದರೆ ಮಸೂದೆಗಳು ವಿಟೊದಿಂದ ಸಾಯುವುದಕ್ಕಿಂತ ಸದ್ದಿಲ್ಲದೆ ಸಾಯುವುದೇ ಹೆಚ್ಚು. ಸಮಿತಿಯ ಅಧ್ಯಕ್ಷರು ವಿಚಾರಣೆಗೆ ಕರೆಯುವುದಿಲ್ಲ, ಸ್ಪೀಕರ್ ಮತದ ಪಟ್ಟಿಗೆ ಹಾಕುವುದಿಲ್ಲ, 140 ದಿನ ಮುಗಿದುಹೋಗುತ್ತದೆ. 2017ರಲ್ಲಿ ಸ್ಟ್ರಾಸ್ ಮಾಡಿದ್ದು ಇದನ್ನೇ. ಬೀಗ ಅಲ್ಲಿತ್ತು. ಅದನ್ನು ತೆರೆಯಲು ಎದುರಾಳಿ ಪಕ್ಷವನ್ನು ಸೋಲಿಸಿ ಪ್ರಯೋಜನವಿರಲಿಲ್ಲ, ಸ್ವಂತ ಪಕ್ಷದ ಮೃದು ಸದಸ್ಯರನ್ನೇ ತೆಗೆಯಬೇಕಿತ್ತು.

ಅದಕ್ಕೆ ಪ್ರೈಮರಿ ಎಂಬ ಒಳಚುನಾವಣೆ ಇದೆ. 2024ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಸುಮಾರು 1.79 ಕೋಟಿ ನೋಂದಾಯಿತ ಮತದಾರರಲ್ಲಿ ರಿಪಬ್ಲಿಕನ್ ಪ್ರೈಮರಿಗೆ ಬಂದವರು ಸುಮಾರು 23 ಲಕ್ಷ. ಆ ಪಕ್ಷ ಭದ್ರವಾಗಿರುವ ಕ್ಷೇತ್ರಗಳಲ್ಲಿ ಶಾಸಕ ಯಾರೆಂದು ತೀರ್ಮಾನವಾಗುವುದು ಇಷ್ಟರಲ್ಲೇ. ಆ ವರ್ಷ ಕೆಳಮನೆಯ 15 ಹಾಲಿ ರಿಪಬ್ಲಿಕನ್ನರು ಪ್ರೈಮರಿ ಮತ್ತು ಮರುಸುತ್ತುಗಳಲ್ಲಿ ಸೋತರು. ಮುಖ್ಯ ಕಾರಣ ಲಿಂಗತ್ವದ ವಿಷಯವಲ್ಲ. ಖಾಸಗಿ ಶಾಲೆಗಳಿಗೆ ಸರ್ಕಾರಿ ಹಣ ಕೊಡುವ ಯೋಜನೆ ಮತ್ತು ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಮೇಲಿನ ಮಹಾಭಿಯೋಗದ ಸೇಡು. ಆದರೆ ಒಮ್ಮೆ ಮೃದು ಸದಸ್ಯರು ಹೋದ ಮೇಲೆ ಅವರು ತಡೆದಿಟ್ಟಿದ್ದ ಎಲ್ಲ ವಿಷಯಗಳಿಗೂ ದಾರಿ ಬಿಟ್ಟುಹೋಯಿತು. 2025ರ ಮಾಮೂಲು ಅಧಿವೇಶನದಲ್ಲೂ ಶೌಚಾಲಯ ಮಸೂದೆ ದಡ ಮುಟ್ಟಲಿಲ್ಲ. ಕಾರ್ಯಸೂಚಿಯನ್ನು ಗವರ್ನರ್ ಒಬ್ಬರೇ ನಿಗದಿ ಮಾಡುವ 30 ದಿನದ ವಿಶೇಷ ಅಧಿವೇಶನದಲ್ಲಿ, ಲೋಕಸಭಾ ಕ್ಷೇತ್ರಗಳಂಥ ಕಾಂಗ್ರೆಸ್ ಕ್ಷೇತ್ರಗಳ ಮರುವಿಂಗಡಣೆಯ ಗದ್ದಲದ ನಡುವೆ ಅದು ಪಾಸಾಯಿತು. ಸೆಪ್ಟೆಂಬರ್ 22ರಂದು ಅಬಟ್ ಸಹಿ ಹಾಕಿದರು.

ಕಂಪನಿಗಳು ಏಕೆ ಮಾತಾಡಲಿಲ್ಲ?

2016ರಲ್ಲಿ ಇಂಥ ಕಾನೂನು ಮಾಡಿದ ರಾಜ್ಯ ಒಂದೇ. ಪಂದ್ಯವನ್ನು ಪಕ್ಕದ ರಾಜ್ಯಕ್ಕೆ ಸಾಗಿಸಬಹುದಿತ್ತು. ಅರ್ಧ ದೇಶವೇ ಮಾಡಿದರೆ ಎಲ್ಲಿಗೆ ಸಾಗಿಸುವುದು? ಕ್ಯಾಲಿಫೋರ್ನಿಯಾದ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ. ಇಂಥ ಕಾನೂನುಗಳಿರುವ ರಾಜ್ಯಗಳಿಗೆ ಸರ್ಕಾರಿ ಖರ್ಚಿನಲ್ಲಿ ಯಾರೂ ಪ್ರಯಾಣ ಮಾಡಬಾರದೆಂದು 2016ರಲ್ಲಿ ಅದು ನಿಯಮ ಮಾಡಿತು. ಪಟ್ಟಿ ಬೆಳೆದು 26 ರಾಜ್ಯಗಳಾದಾಗ ಅಲ್ಲಿನ ವಿಶ್ವವಿದ್ಯಾಲಯಗಳ ಸಂಶೋಧಕರು, ಕ್ರೀಡಾ ತಂಡಗಳು ಸರ್ಕಾರಿ ಖರ್ಚಿನಲ್ಲಿ ಅರ್ಧ ದೇಶಕ್ಕೆ ಹೋಗಲಾಗದ ಸ್ಥಿತಿ ಬಂತು. 2023ರಲ್ಲಿ ನಿಯಮವನ್ನೇ ರದ್ದು ಮಾಡಬೇಕಾಯಿತು. ಜೊತೆಗೆ 2022ರಲ್ಲಿ, ಶಾಲೆಯಲ್ಲಿ ಲಿಂಗತ್ವದ ಪಾಠಕ್ಕೆ ಮಿತಿ ಹಾಕಿದ ಫ್ಲಾರಿಡಾದ ಕಾನೂನನ್ನು ವಿರೋಧಿಸಿದ ಡಿಸ್ನಿಯ ವಿಶೇಷ ಆಡಳಿತ ಪ್ರದೇಶಕ್ಕೇ ಗವರ್ನರ್ ರಾನ್ ಡಿಸ್ಯಾಂಟಿಸ್ ಕೈಹಾಕಿದ್ದನ್ನು ಎಲ್ಲ ಕಂಪನಿಗಳೂ ನೋಡಿದ್ದವು. ಮಾತಾಡುವುದರ ಬೆಲೆ ಏರಿತು, ಮಾತಾಡಿ ಸಿಗುವ ಫಲ ಇಳಿಯಿತು.

ಚಿಕಿತ್ಸೆಯ ಪ್ರಶ್ನೆ ಮತ್ತು ಸ್ಕರ್ಮೆಟಿ ತೀರ್ಪು

ಎಲ್ಲಕ್ಕಿಂತ ಕಠಿಣ ವಾದ ಇರುವುದು ಇಲ್ಲಿ. ಪ್ರೌಢಾವಸ್ಥೆ ತಡೆಯುವ ಔಷಧಗಳನ್ನು ತಿಂಗಳಿಗೊಮ್ಮೆ ಅಥವಾ ಕೆಲವು ತಿಂಗಳಿಗೊಮ್ಮೆ ಚುಚ್ಚುಮದ್ದಾಗಿ, ಇಲ್ಲವೇ ಚರ್ಮದಡಿ ಇಡುವ ಕಡ್ಡಿಯಾಗಿ ಕೊಡುತ್ತಾರೆ. ಆರೇಳು ವರ್ಷಕ್ಕೇ ಪ್ರೌಢಾವಸ್ಥೆ ಶುರುವಾಗುವ ಮಕ್ಕಳಿಗೆ ಇವು ಮೊದಲಿಂದಲೂ ಬಳಕೆಯಲ್ಲಿವೆ. ತಮ್ಮ ಲಿಂಗತ್ವದ ಬಗ್ಗೆ ತೀವ್ರ ಯಾತನೆ ಅನುಭವಿಸುವ ಮಕ್ಕಳಿಗೆ ಇವನ್ನು, ಮುಂದೆ ಹಾರ್ಮೋನುಗಳನ್ನು ಕೊಡಬಹುದೇ? ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ, ಎಂಡೊಕ್ರೈನ್ ಸೊಸೈಟಿ ಮೊದಲಾದ ದೊಡ್ಡ ವೈದ್ಯಕೀಯ ಸಂಘಗಳು, ತಂದೆತಾಯಿಯ ಒಪ್ಪಿಗೆ ಮತ್ತು ಎಚ್ಚರದ ಪರೀಕ್ಷೆಯೊಂದಿಗೆ ಕೊಡಬಹುದು ಎನ್ನುತ್ತಾ ಬಂದಿವೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಲ್ಲಿ ಬಂದ ಕ್ಯಾಸ್ ವರದಿ, ಇದರ ಬೆನ್ನಿಗಿರುವ ಸಾಕ್ಷ್ಯ ದುರ್ಬಲ ಎಂದಿತು. ಮೂಳೆಯ ಬಲ, ಸಂತಾನಶಕ್ತಿ ಇವುಗಳ ಮೇಲಿನ ದೀರ್ಘ ಪರಿಣಾಮ ಚಳವಳಿಯವರ ಮುಖ್ಯ ಆತಂಕ, ಅದು ಹುಸಿ ಆತಂಕವಲ್ಲ. ಆದರೆ ಸಾಕ್ಷ್ಯ ದುರ್ಬಲ ಎನ್ನುವುದಕ್ಕೂ ವೈದ್ಯರಿಗೆ ಶಿಕ್ಷೆ ಕೊಡಬೇಕು ಎನ್ನುವುದಕ್ಕೂ ನಡುವೆ ಬಹಳ ದೂರವಿದೆ. ಅಲಬಾಮ 2022ರಲ್ಲಿ ಇದನ್ನು ಹತ್ತು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ ಮಾಡಿತು. ಶಾಲೆಯ ವಿಷಯದಲ್ಲಿ ತಂದೆತಾಯಿಯ ಮಾತೇ ಕೊನೆ ಎನ್ನುವ ಚಳವಳಿ, ಆಸ್ಪತ್ರೆಯ ವಿಷಯದಲ್ಲಿ ಅದೇ ತಂದೆತಾಯಿಯ ಒಪ್ಪಿಗೆಯನ್ನು ರಾಜ್ಯ ತಳ್ಳಿಹಾಕಬಹುದು ಎನ್ನುತ್ತದೆ. ಈ ಬಿರುಕಿಗೆ ಅವರ ಬಳಿ ತೃಪ್ತಿಕರ ಉತ್ತರ ಇನ್ನೂ ಇಲ್ಲ.

ಟೆನ್ನೆಸಿಯ ನಿಷೇಧ ಸ್ಕರ್ಮೆಟಿ ಪ್ರಕರಣ ಎಂಬ ಹೆಸರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಇಡೀ ಜಗಳ ನಿಂತದ್ದು ಒಂದು ತಾಂತ್ರಿಕ ಪ್ರಶ್ನೆಯ ಮೇಲೆ: ಈ ಕಾನೂನು ಲಿಂಗದ ಆಧಾರದಲ್ಲಿ ಭೇದ ಮಾಡುತ್ತದೆಯೇ? ಮಾಡುತ್ತದೆ ಎಂದಾದರೆ ರಾಜ್ಯ ಬಲವಾದ ಸಮರ್ಥನೆ ಕೊಡಬೇಕು. ಇಲ್ಲವೆಂದಾದರೆ ಯಾವುದಾದರೊಂದು ತರ್ಕಬದ್ಧ ಕಾರಣ ಸಾಕು. 2025ರ ಜೂನ್ 18ರಂದು 6-3ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಕಾನೂನು ನೋಡುವುದು ವಯಸ್ಸು ಮತ್ತು ಔಷಧದ ಉದ್ದೇಶವನ್ನು, ಲಿಂಗವನ್ನಲ್ಲ ಎಂದರು. ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಭಿನ್ನಮತ ಬರೆದರು. ಪರಿಣಾಮ ನೇರ: ಕೆಳ ಕೋರ್ಟುಗಳಲ್ಲಿ ತಡೆಹಿಡಿದಿದ್ದ ನಿಷೇಧಗಳಿಗೆ ಜೀವ ಬಂತು. ಅರ್ಕಾನ್ಸಾದ ಕಾನೂನಿನ ಮೇಲಿದ್ದ ತಡೆ ಎರಡೇ ತಿಂಗಳಲ್ಲಿ ತೆರವಾಯಿತು.

ಆದರೆ ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೇ ಭೇದ ಮಾಡಿದರೆ ಯಾವ ಅಳತೆಗೋಲು ಬಳಸಬೇಕು ಎಂಬುದನ್ನು ಆ ತೀರ್ಪು ಇತ್ಯರ್ಥ ಮಾಡಲಿಲ್ಲ. ಶೌಚಾಲಯದ ಕಾನೂನುಗಳಿಗೆ ಅದೇ ಮುಖ್ಯ ಪ್ರಶ್ನೆ. ಐಡಹೊ ಮತ್ತು ವೆಸ್ಟ್ ವರ್ಜೀನಿಯಾದ ಕ್ರೀಡಾ ನಿಷೇಧಗಳ ಪ್ರಕರಣಗಳಲ್ಲಿ 2026ರ ಜನವರಿ 13ರಂದು ಕೋರ್ಟ್ ವಾದ ಆಲಿಸಿದಾಗ ಎಲ್ಲರ ಕಿವಿ ಇದ್ದದ್ದು ಆ ಕಡೆಗೆ.

ಬಾಗಿಲ ಬಳಿ ಯಾರು ನಿಲ್ಲಬೇಕು?

ಟೆಕ್ಸಸ್‌ನ ಕಾನೂನು ಪಾಸಾದದ್ದು ಹೇಗೆಂಬುದಕ್ಕಿಂತ ನಡೆಯುವುದು ಹೇಗೆಂಬುದು ಅಸ್ಪಷ್ಟ. ಉಲ್ಲಂಘನೆ ಆಗದಂತೆ ಸಂಸ್ಥೆ "ಎಲ್ಲ ಸಮಂಜಸ ಕ್ರಮ" ತೆಗೆದುಕೊಳ್ಳಬೇಕು ಎನ್ನುತ್ತದೆ ಕಾನೂನು. ಸಮಂಜಸ ಎಂದರೆ ಬೋರ್ಡ್ ಹಾಕಿದರೆ ಸಾಕೇ, ಕಾವಲಿಗೆ ಜನ ಇಡಬೇಕೇ, ಅನುಮಾನ ಬಂದವರ ದಾಖಲೆ ಕೇಳಬೇಕೇ ಎಂಬುದನ್ನು ಹೇಳುವುದಿಲ್ಲ. ಜನನ ಪ್ರಮಾಣಪತ್ರ ಜೇಬಲ್ಲಿಟ್ಟುಕೊಂಡು ಯಾರೂ ತಿರುಗುವುದಿಲ್ಲ. ಹಾಗಾಗಿ ಅನುಮಾನ ಹುಟ್ಟುವುದು ನೋಟದಿಂದ. ಕತ್ತರಿಸಿದ ಕೂದಲು, ಎತ್ತರದ ನಿಲುವು, ದಪ್ಪ ದನಿಯ ಯಾವ ಹೆಂಗಸನ್ನಾದರೂ ಬಾಗಿಲಲ್ಲಿ ತಡೆಯುವ ಅಪಾಯ ಇಲ್ಲಿದೆ. ಹೆಂಗಸರ ಖಾಸಗಿತನ ಕಾಪಾಡಲೆಂದು ಬಂದ ಕಾನೂನಿನ ಹೊರೆ ಹೀಗೆ ಹೆಂಗಸರ ಮೇಲೆಯೇ ಬೀಳಬಹುದು. ಇನ್ನೊಂದು ತೊಡಕು: ಹಾರ್ಮೋನು ಚಿಕಿತ್ಸೆ ಪಡೆದು ಗಡ್ಡ ಬೆಳೆಸಿಕೊಂಡ ಟ್ರಾನ್ಸ್ ಪುರುಷ ಈ ಕಾನೂನಿನ ಪ್ರಕಾರ ಹೆಂಗಸರ ಶೌಚಾಲಯಕ್ಕೇ ಹೋಗಬೇಕು.

ದೂರಿನ ಹಾದಿ ಹೀಗಿದೆ. ಉಲ್ಲಂಘನೆ ಕಂಡೆ ಎನ್ನುವವರು ಮೊದಲು ಸಂಸ್ಥೆಗೆ ಲಿಖಿತವಾಗಿ ತಿಳಿಸುತ್ತಾರೆ. ಸರಿಪಡಿಸಿಕೊಳ್ಳಲು ಸಂಸ್ಥೆಗೆ ಅವಕಾಶ ಇರುತ್ತದೆ. ಆಗದಿದ್ದರೆ ದೂರು ಅಟಾರ್ನಿ ಜನರಲ್ ಕಚೇರಿಗೆ, ಅಲ್ಲಿ ತನಿಖೆ, ಆಮೇಲೆ ದಂಡದ ದಾವೆ. ಮಸೂದೆ ಮಂಡಿಸಿದ ಸೆನೆಟರ್ ಮೇಸ್ ಮಿಡಲ್ಟನ್ 2026ರ ಚುನಾವಣೆಯಲ್ಲಿ ಅದೇ ಅಟಾರ್ನಿ ಜನರಲ್ ಹುದ್ದೆಗೆ ಸ್ಪರ್ಧೆಗಿಳಿದದ್ದನ್ನು ಗಮನಿಸಬೇಕು. ಜಾರಿಯ ತೀವ್ರತೆ ಆ ಹುದ್ದೆಯಲ್ಲಿರುವವರ ಮನಸ್ಸಿನ ಮೇಲೆ ನಿಂತಿದೆ.

ಖಾಸಗಿ ಕಚೇರಿ, ಹೋಟೆಲ್, ಮಾಲ್‌ಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಡಲ್ಲಾಸ್, ಆಸ್ಟಿನ್‌ನ ಖಾಸಗಿ ಕಂಪನಿಯಲ್ಲಿ ದುಡಿಯುವ ಕನ್ನಡಿಗರಿಗೆ ಕೆಲಸದ ಜಾಗದಲ್ಲಿ ಏನೂ ಬದಲಾಗಿಲ್ಲ. ಸರ್ಕಾರಿ ಶಾಲೆ, ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಇದು ದಿನನಿತ್ಯದ ನಿಯಮ. ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗುವವರು, ಸ್ವಚ್ಛತಾ ಸಿಬ್ಬಂದಿ, ತುರ್ತು ವೈದ್ಯಕೀಯ ನೆರವಿಗೆ ಬರುವವರಿಗೆ ವಿನಾಯಿತಿ ಇದೆ. ಒಬ್ಬರೇ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವ ಶೌಚಾಲಯಗಳು ಕಾನೂನಿನ ಹೊರಗಿವೆ, ಅವನ್ನು ಯಾರು ಬೇಕಾದರೂ ಬಳಸಬಹುದು. ಜಗಳವಿಲ್ಲದ ದಾರಿ ಇದೊಂದೇ ಎಂದು ಬಹಳ ಮಂದಿ ಹೇಳುತ್ತಾರೆ. ಹೊಸ ಕಟ್ಟಡದಲ್ಲಿ ಅದು ನಕ್ಷೆಯಲ್ಲಿ ಬದಲಿಸುವ ಒಂದು ಗೆರೆ. ಹಳೆಯ ಶಾಲೆಯಲ್ಲಿ ಗೋಡೆ ಒಡೆಯಬೇಕು, ಪೈಪು ಎಳೆಯಬೇಕು, ಗಾಲಿಕುರ್ಚಿ ತಿರುಗುವಷ್ಟು ಜಾಗ ಬಿಡಬೇಕು, ಅದರ ಖರ್ಚನ್ನು ಆ ಶಾಲಾ ಜಿಲ್ಲೆಯೇ ಹೊರಬೇಕು.